ಇಪ್ಪತ್ತೈದರ ತಾಳ, ಐವತ್ತರ ತಾಳ

ಮಳೆಗಾಲ ಕಾಲಿಡುವ ಮೊದಲು ಮಾಡಿನ ಹಂಚುಗಳನ್ನು ಒಮ್ಮೆ ಕೈಯಾಡಿಸಿ ನೋಡುವುದು ನಮ್ಮ ಕರಾವಳಿಯ ಮನೆಗಳಲ್ಲಿ ಹಳೆಯ ರೂಢಿ. ಮಂಗ ಹಾರಿಯೋ ತೆಂಗಿನಕಾಯಿ ಬಿದ್ದೋ ಒಡೆದ ಹಂಚನ್ನು ತೆಗೆದು, ಅಟ್ಟದಲ್ಲಿ ಪೇರಿಸಿಟ್ಟ ರಾಶಿಯಿಂದ ಇನ್ನೊಂದನ್ನು ತಂದು ರೀಪಿನ ಮೇಲೆ ಕೂರಿಸುತ್ತಾರೆ. ಒಡೆದುದರ ಬೆನ್ನ ಮೇಲೆ ಒಂದು ಕಾರ್ಖಾನೆಯ ಹೆಸರು, ಕೂರಿಸಿದುದರ ಬೆನ್ನ ಮೇಲೆ ಮತ್ತೊಂದರ ಹೆಸರು. ಮೊದಲನೆಯ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿರಬಹುದು. ಆದರೂ ಏಣಿಗೆ ತೋಡು ಕೂಡಿಕೊಳ್ಳುತ್ತದೆ. ನೀರು ಒಳಗೆ ಬರುವುದಿಲ್ಲ.

ಇದು ಸಣ್ಣ ಸಂಗತಿಯೆಂದು ನಾವು ಗಮನಿಸುವುದಿಲ್ಲ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ೧೮೬೫ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಆಮೇಲೆ ಅದೇ ಮಾದರಿಯನ್ನು ಹತ್ತಾರು ಮಂದಿ ಹಿಡಿದರು. ಸ್ವತಂತ್ರ ಭಾರತದ ಮಾನಕ ಸಂಸ್ಥೆಯು ಮಾಡುಹಂಚಿಗೆ ನಿಯಮಗಳನ್ನು ಬರೆಯಹೊರಟಾಗ ‘ಮಂಗಳೂರು ಮಾದರಿ’ ಎಂಬ ಹೆಸರನ್ನೇ ಇಟ್ಟಿತು. ಭಾರತೀಯ ಮಾನಕ ೬೫೪ ಎಂಬುದು ಆ ನಿಯಮದ ಸಂಖ್ಯೆ. ಊರಿನ ಹೆಸರೊಂದು ಅಳತೆಗೋಲಾಗುವ ಭಾಗ್ಯ ಎಲ್ಲ ಊರುಗಳಿಗೂ ಬರುವುದಲ್ಲ.

ಹಂಚಿನ ವಿಷಯದಲ್ಲಿ ಇಷ್ಟು ಸುಲಭವಾಗಿ ನಡೆದುಹೋದ ಈ ಹೊಂದಾಣಿಕೆ ವಿದ್ಯುಚ್ಛಕ್ತಿಯ ವಿಷಯದಲ್ಲಿ ನೂರಿಪ್ಪತ್ತು ವರ್ಷಗಳಾದರೂ ಮುಗಿದಿಲ್ಲ. ಈಗ ಎಲ್ಲರ ಬಾಯಲ್ಲೂ ಇರುವ ‘ಸ್ಮಾರ್ಟ್ ಗ್ರಿಡ್’ ಎಂಬ ಮಾತಿನ ಹಿಂದೆ ಇರುವುದೂ ಇದೇ ಹಳೆಯ ಪ್ರಶ್ನೆ: ಒಬ್ಬರು ಮಾಡಿದ ಹಂಚಿನೊಡನೆ ಇನ್ನೊಬ್ಬರು ಮಾಡಿದ ಹಂಚು ಕೂಡೀತೇ? ಕೂಡಬೇಕಾದರೆ ಅಳತೆಯನ್ನು ಗೊತ್ತುಮಾಡುವವರು ಯಾರು? ಈ ಪ್ರಶ್ನೆಯ ಚರಿತ್ರೆಯಲ್ಲಿ ಕನ್ನಡನಾಡಿಗೆ ಸಣ್ಣದಲ್ಲದ ಪಾತ್ರವಿದೆ.

ಕಥೆ ಶಿವನಸಮುದ್ರದಿಂದ ಆರಂಭವಾಗಬೇಕು. ಕಾವೇರಿಯ ಆ ಜಲಪಾತದಿಂದ ವಿದ್ಯುತ್ತನ್ನು ತೆಗೆದು ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯುವ ಯೋಜನೆಯನ್ನು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ, ಕೆನಡಾದಲ್ಲಿ ಹುಟ್ಟಿದ ಇಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರರು ರೂಪಿಸಿದರು. ದಿವಾನ್ ಶೇಷಾದ್ರಿ ಅಯ್ಯರರು ಬೆಂಬಲವಾಗಿ ನಿಂತರು. ೧೯೦೨ರ ಜೂನ್ ೩೦ರಂದು ಸುಮಾರು ೯೨ ಮೈಲಿ ದೂರದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅದನ್ನು ನೋಡಲು ಶೇಷಾದ್ರಿ ಅಯ್ಯರರು ಉಳಿದಿರಲಿಲ್ಲ; ಹಿಂದಿನ ವರ್ಷವೇ ತೀರಿಕೊಂಡಿದ್ದರು. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಗಳಲ್ಲಿ ಇದೇ ವಿದ್ಯುತ್ತಿನಿಂದ ದೀಪಗಳು ಹತ್ತಿದವು.

ಶಿವನಸಮುದ್ರವೇ ಏಷ್ಯಾದ ಮೊದಲ ಜಲವಿದ್ಯುದಾಗಾರವೆಂದು ನಮ್ಮ ಪಠ್ಯಪುಸ್ತಕಗಳಲ್ಲಿಯೂ ಭಾಷಣಗಳಲ್ಲಿಯೂ ಹೇಳುವುದುಂಟು. ಅಭಿಮಾನ ಸಹಜವಾದದ್ದೇ, ಆದರೆ ಮಾತು ನಿಜವಲ್ಲ. ಜಪಾನಿನ ಕ್ಯೋಟೋದಲ್ಲಿ ೧೮೯೧ರಲ್ಲಿಯೇ, ನಮ್ಮ ದೇಶದ ಡಾರ್ಜಿಲಿಂಗಿನಲ್ಲಿ ೧೮೯೭ರಲ್ಲಿಯೇ ನೀರಿನಿಂದ ವಿದ್ಯುತ್ತು ಬಂದಿತ್ತು. ಶಿವನಸಮುದ್ರದ ನಿಜವಾದ ಹೆಗ್ಗಳಿಕೆ ದೂರದ್ದು. ಅಷ್ಟು ಉದ್ದ ತಂತಿಯೆಳೆದು ದೊಡ್ಡ ಪ್ರಮಾಣದ ಶಕ್ತಿಯನ್ನು ಸಾಗಿಸಿದ ಕೆಲಸ ಆ ಕಾಲಕ್ಕೆ ಲೋಕದಲ್ಲಿಯೇ ವಿರಳವಾಗಿತ್ತು.

ನೀರುಚಕ್ರಗಳು ಸ್ವಿಟ್ಜರ್‌ಲೆಂಡಿನಿಂದ ಬಂದವು, ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯಿಂದ. ಯಂತ್ರಗಳ ಜೊತೆಗೆ ಒಂದು ತಾಳವೂ ಬಂತು. ಪರ್ಯಾಯ ಪ್ರವಾಹದ ವಿದ್ಯುತ್ತು ತಂತಿಯಲ್ಲಿ ಹೊಳೆಯ ನೀರಿನಂತೆ ಒಂದೇ ದಿಕ್ಕಿಗೆ ಹರಿಯುವುದಿಲ್ಲ. ಗರಗಸದಂತೆ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಹೀಗೆ ಹೋಗಿಬರುತ್ತದೆಯೋ ಅದೇ ಅದರ ಆವರ್ತನ. ಹಿಂದಿನವರು ‘ಇಷ್ಟು ಸೈಕಲ್’ ಎನ್ನುತ್ತಿದ್ದರು, ಈಗಿನವರು ‘ಇಷ್ಟು ಹರ್ಟ್ಸ್’ ಎನ್ನುತ್ತಾರೆ. ಶಿವನಸಮುದ್ರದ ತಾಳ ಇಪ್ಪತ್ತೈದು. ಕೆಲವೇ ವರ್ಷಗಳ ಹಿಂದೆ, ೧೮೯೫ರಲ್ಲಿ, ನಯಾಗರಾ ಜಲಪಾತದಲ್ಲಿ ಹಿಡಿದ ತಾಳವೂ ಅದೇ. ಗಣಿಗಳ ದೊಡ್ಡ ಮೋಟಾರುಗಳಿಗೆ, ದೂರದ ಸಾಗಣೆಗೆ ನಿಧಾನದ ಆವರ್ತನ ಅನುಕೂಲವೆಂದು ಅಂದಿನ ತಜ್ಞರ ಎಣಿಕೆ. ದೀಪಕ್ಕೆ ಮಾತ್ರ ಅದು ಅಷ್ಟು ಹಿತವಲ್ಲ. ಇಪ್ಪತ್ತೈದರಲ್ಲಿ ಉರಿಯುವ ಬಲ್ಬು ಸೂಕ್ಷ್ಮ ಕಣ್ಣಿಗೆ ಮಿನುಗಿದಂತೆ ಕಾಣುತ್ತದೆ. ಆದರೆ ಆಗಿನ ಗಿರಾಕಿ ಬೀದಿಯ ದೀಪವಲ್ಲ, ಚಿನ್ನದ ಗಣಿ.

ಅಂದು ಯಾರೂ ತಪ್ಪು ಮಾಡಲಿಲ್ಲ. ಐವತ್ತೋ ಅರವತ್ತೋ ಇಪ್ಪತ್ತೈದೋ ಎಂಬುದನ್ನು ಲೋಕ ಇನ್ನೂ ತೀರ್ಮಾನಿಸಿರಲಿಲ್ಲ. ಲಂಡನ್ ನಗರವೊಂದರಲ್ಲಿಯೇ ೧೯೧೮ರ ಸುಮಾರಿಗೆ ಹತ್ತು ಬಗೆಯ ಆವರ್ತನಗಳೂ ಇಪ್ಪತ್ತನಾಲ್ಕು ಬಗೆಯ ವೋಲ್ಟೇಜುಗಳೂ ಇದ್ದುವಂತೆ. ಈ ಬೀದಿಯಲ್ಲಿ ಕೊಂಡ ದೀಪ ಆ ಬೀದಿಗೆ ಮನೆ ಬದಲಾಯಿಸಿದರೆ ಕೆಲಸಕ್ಕೆ ಬಾರದು ಎಂಬ ಪರಿಸ್ಥಿತಿ. ನಮ್ಮ ಶಾಸನಗಳಲ್ಲಿ ಭೂಮಿಯನ್ನು ದಾನ ಕೊಡುವಾಗ ‘ಇಂಥ ಊರಿನ ಗಳೆಯಲ್ಲಿ ಇಷ್ಟು ಮತ್ತರು’ ಎಂದು ಬರೆಸುತ್ತಿದ್ದರಲ್ಲವೇ, ಹಾಗೆಯೇ. ಗಳೆ ಊರಿಂದೂರಿಗೆ ಬೇರೆಯಾದ್ದರಿಂದ ಬರೀ ‘ಹತ್ತು ಮತ್ತರು’ ಎಂದರೆ ಅರ್ಥವೇ ಇಲ್ಲ.

ಈ ಗೊಂದಲವನ್ನು ನಿವಾರಿಸಬೇಕೆಂದು ೧೯೦೪ರಲ್ಲಿ ಅಮೆರಿಕದ ಸೇಂಟ್ ಲೂಯಿಸಿನಲ್ಲಿ ಸೇರಿದ ವಿದ್ಯುತ್ ಸಮ್ಮೇಳನ ತೀರ್ಮಾನಿಸಿತು. ೧೯೦೬ರ ಜೂನಿನಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ ಹುಟ್ಟಿತು. ಮೊದಲ ಅಧ್ಯಕ್ಷರು ವಿಜ್ಞಾನಿ ಲಾರ್ಡ್ ಕೆಲ್ವಿನ್. ಅದಕ್ಕಾಗಿ ಓಡಾಡಿದವರಲ್ಲಿ ಮುಖ್ಯರು ಕರ್ನಲ್ ಕ್ರಾಂಪ್ಟನ್. ಈ ಕ್ರಾಂಪ್ಟನ್ನರು ಯೌವನದಲ್ಲಿ ಸೈನಿಕರಾಗಿ ಭಾರತದಲ್ಲಿದ್ದವರು. ರಸ್ತೆಯ ಮೇಲೆ ಉಗಿಬಂಡಿಗಳನ್ನು ಓಡಿಸುವ ಪ್ರಯೋಗಗಳನ್ನು ಇಲ್ಲಿ ನಡೆಸಿದವರು. ಆಯೋಗವು ಪದಗಳಿಗೆ ಅರ್ಥವನ್ನೂ ಯಂತ್ರಗಳಿಗೆ ಅಳತೆಯನ್ನೂ ಚಿಹ್ನೆಗಳಿಗೆ ಏಕರೂಪವನ್ನೂ ಕೊಡುತ್ತಾ ಬಂತು. ಆದರೆ ಲೋಕಕ್ಕೆಲ್ಲ ಒಂದೇ ತಾಳವನ್ನು ಹಿಡಿಸಲು ಅದರಿಂದಾಗಲಿಲ್ಲ. ಆ ಹೊತ್ತಿಗೆ ಯಂತ್ರಗಳು ನೆಲದಲ್ಲಿ ಊರಿಬಿಟ್ಟಿದ್ದವು. ಅಮೆರಿಕ ಅರವತ್ತರಲ್ಲಿ ಉಳಿಯಿತು, ಯುರೋಪೂ ಭಾರತವೂ ಐವತ್ತರಲ್ಲಿ.

ಇದರ ಫಲವನ್ನು ಚಿಕ್ಕವನಾಗಿದ್ದಾಗ ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ನೆರೆಮನೆಯವರೊಬ್ಬರು ಸೌದಿ ಅರೇಬಿಯಾದಲ್ಲಿ ದುಡಿದು ಊರಿಗೆ ಮರಳುವಾಗ ಕೆಂಪು ಅಂಕಿಗಳ ಒಂದು ವಿದ್ಯುತ್ ಗಡಿಯಾರವನ್ನು ತಂದಿದ್ದರು. ವೋಲ್ಟೇಜು ತಗ್ಗಿಸುವ ಪೆಟ್ಟಿಗೆಯೊಂದನ್ನು ಜೊತೆಗಿಟ್ಟು ಅದನ್ನು ನಡುಕೋಣೆಯಲ್ಲಿ ನಿಲ್ಲಿಸಿದರು. ಗಂಟೆಗೆ ಹತ್ತು ನಿಮಿಷದಂತೆ ಅದು ಹಿಂದೆ ಬೀಳುತ್ತಿತ್ತು. ರಿಪೇರಿಯವನು ಬಿಚ್ಚಿ ನೋಡಿ ಏನೂ ದೋಷವಿಲ್ಲವೆಂದ. ದೋಷ ನಿಜವಾಗಿಯೂ ಇರಲಿಲ್ಲ. ಸೌದಿಯ ವಿದ್ಯುತ್ತು ಅರವತ್ತರದು. ಅರವತ್ತು ಮಿಡಿತಕ್ಕೆ ಒಂದು ಸೆಕೆಂಡು ಎಂದು ಆ ಗಡಿಯಾರ ಎಣಿಸುತ್ತಿತ್ತು. ಇಲ್ಲಿ ಅದಕ್ಕೆ ಸಿಕ್ಕಿದ್ದು ಐವತ್ತೇ. ಸಂಜೆಯ ಹೊತ್ತು ಅದು ಇನ್ನಷ್ಟು ತಡವರಿಸುತ್ತಿತ್ತು. ದೀಪಗಳೆಲ್ಲ ಹತ್ತಿದಾಗ ದಕ್ಷಿಣದ ಜಾಲದ ಆವರ್ತನ ಆ ದಿನಗಳಲ್ಲಿ ನಲವತ್ತೆಂಟರ ಆಸುಪಾಸಿಗೆ ಇಳಿಯುತ್ತಿದ್ದುದೇ ಅದಕ್ಕೆ ಕಾರಣವೆಂದು ಬಹಳ ವರ್ಷಗಳ ಮೇಲೆ ನನಗೆ ತಿಳಿಯಿತು. ಬೇಡಿಕೆ ಹೆಚ್ಚಿ ಉತ್ಪಾದನೆ ಸಾಲದಾದಾಗ ಗಾಡಿಯೆಳೆಯುವ ಎತ್ತು ಏರಿನಲ್ಲಿ ಹೆಜ್ಜೆ ನಿಧಾನಿಸುವಂತೆ ಎಲ್ಲ ಜನರೇಟರುಗಳೂ ಒಟ್ಟಿಗೆ ನಿಧಾನಿಸುತ್ತವೆ. ಆವರ್ತನವೆಂದರೆ ಜಾಲದ ನಾಡಿ.

ಮೈಸೂರಿಗೆ ಹಿಂದಿರುಗೋಣ. ಜೋಗದ ನೀರಿನಿಂದ ೧೯೪೮ರಲ್ಲಿ ವಿದ್ಯುತ್ತು ಬರತೊಡಗಿದಾಗ ಅದು ಐವತ್ತರ ತಾಳದ್ದಾಗಿತ್ತು. ಮೊದಲು ಕೃಷ್ಣರಾಜೇಂದ್ರರ ಹೆಸರನ್ನೂ ಆಮೇಲೆ ಮಹಾತ್ಮಾ ಗಾಂಧಿಯವರ ಹೆಸರನ್ನೂ ಪಡೆದ ಈ ಆಗಾರ ಒಂದೆಡೆ, ಇಪ್ಪತ್ತೈದರ ಶಿವನಸಮುದ್ರ ಇನ್ನೊಂದೆಡೆ: ಒಂದೇ ಸರಕಾರದ ಎರಡು ಆಗಾರಗಳು, ಒಂದರ ಶಕ್ತಿ ಇನ್ನೊಂದಕ್ಕೆ ನೇರವಾಗಿ ಒದಗದು. ಕೂಡಿಸಲೇಬೇಕೆಂದರೆ ಒಂದೇ ಅಚ್ಚಿಗೆ ಐವತ್ತರ ಮೋಟಾರನ್ನೂ ಇಪ್ಪತ್ತೈದರ ಜನರೇಟರನ್ನೂ ಕಟ್ಟಿ ತಿರುಗಿಸಬೇಕು. ಆ ದುಬಾಷಿ ಯಂತ್ರಕ್ಕೆ ಬೆಲೆಯೂ ಹೆಚ್ಚು, ಸೋರುವ ಶಕ್ತಿಯೂ ಹೆಚ್ಚು. ಅರ್ಧ ಶತಮಾನದ ಹಿಂದೆ ಚಿನ್ನದ ಗಣಿಗೆ ಒಪ್ಪಿದ ತಾಳಕ್ಕೆ ಮುಂದಿನ ತಲೆಮಾರು ತೆತ್ತ ಬಡ್ಡಿ ಇದು. ಕೊನೆಗೆ ಶಿವನಸಮುದ್ರವೂ ಐವತ್ತಕ್ಕೆ ಬಂತು. ಇಂದಿಗೂ ಆ ಆಗಾರ ಕೆಲಸ ಮಾಡುತ್ತಿದೆ.

ಮಂಗಳೂರಿನವರಿಗೆ ಇಂಥ ಮುರಿದ ಕೊಂಡಿಯ ಅನುಭವ ರೈಲಿನಲ್ಲಿ ಆಗಿದೆ. ಕೇರಳದ ಕಡೆಯಿಂದ ೧೯೦೭ರಲ್ಲಿ ಇಲ್ಲಿಗೆ ಬಂದ ದಾರಿ ಬ್ರಾಡ್ ಗೇಜ್. ಹಾಸನದಿಂದ ಘಟ್ಟವಿಳಿದು ೧೯೭೯ರಲ್ಲಿ ಬಂದದ್ದು ಮೀಟರ್ ಗೇಜ್. ಎರಡು ದಾರಿಗಳೂ ಒಂದೇ ಊರಿಗೆ ಬಂದು ಮುಟ್ಟಿದವು. ಆದರೆ ಒಂದರ ಬಂಡಿ ಇನ್ನೊಂದರ ಮೇಲೆ ಓಡುವಂತಿರಲಿಲ್ಲ. ಘಟ್ಟದ ದಾರಿಯನ್ನು ಅಗಲಗೊಳಿಸುವ ಕೆಲಸಕ್ಕೆ ಹಿಡಿದ ವರ್ಷಗಳೆಷ್ಟೆಂಬುದು, ೨೦೦೭ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಓಡುವವರೆಗೆ ಬಸ್ಸಿನಲ್ಲಿ ಶಿರಾಡಿಯ ತಿರುವುಗಳನ್ನು ಎಣಿಸಿದವರಿಗೆ ಗೊತ್ತು.

ಜಪಾನು ಇದಕ್ಕಿಂತ ಹೆಚ್ಚಿನ ಬೆಲೆ ತೆತ್ತಿತು. ಟೋಕಿಯೋ ನಗರವು ಜರ್ಮನಿಯ ಯಂತ್ರಗಳನ್ನು ತರಿಸಿ ಐವತ್ತನ್ನು ಹಿಡಿಯಿತು. ಓಸಾಕಾ ಅಮೆರಿಕದ ಯಂತ್ರಗಳನ್ನು ತರಿಸಿ ಅರವತ್ತನ್ನು ಹಿಡಿಯಿತು. ನೂರು ವರ್ಷಗಳಾದರೂ ದೇಶ ಪೂರ್ವ ಪಶ್ಚಿಮಗಳಾಗಿ ಒಡೆದೇ ಉಳಿಯಿತು. ೨೦೧೧ರ ಮಾರ್ಚಿನಲ್ಲಿ ಭೂಕಂಪ, ಸುನಾಮಿಗಳಿಂದ ಫುಕುಶಿಮಾ ಮೊದಲಾದ ಸ್ಥಾವರಗಳು ನಿಂತಾಗ ಟೋಕಿಯೋ ಕತ್ತಲೆಯಲ್ಲಿ ಸರದಿ ಕಾಯಬೇಕಾಯಿತು. ಪಶ್ಚಿಮದಲ್ಲಿ ವಿದ್ಯುತ್ತಿತ್ತು, ನಡುವೆ ತಂತಿಯೂ ಇತ್ತು. ಆದರೆ ತಾಳ ಬದಲಾಯಿಸುವ ಯಂತ್ರಗಳ ಸಾಮರ್ಥ್ಯ ಸುಮಾರು ೧,೦೦೦ ಮೆಗಾವ್ಯಾಟಿನಷ್ಟೇ ಇತ್ತು.

ಹಾಗಾದರೆ ಎಲ್ಲರೂ ಒಂದೇ ತಾಳಕ್ಕೆ ಬರುವುದೇ ಲೇಸೆಂದು ಓದುಗರು ಹೇಳಬಹುದು. ನಮ್ಮ ದೇಶದ ಅನುಭವ ಅಷ್ಟು ಸರಳವಾದ ಉತ್ತರವನ್ನು ಕೊಡುವುದಿಲ್ಲ. ಭಾರತದಲ್ಲಿ ಎಲ್ಲೆಡೆ ಐವತ್ತೇ ಆದರೂ ಪ್ರಾಂತ ಪ್ರಾಂತದ ಜಾಲಗಳು ಬೇರೆ ಬೇರೆಯಾಗಿ ಮಿಡಿಯುತ್ತಿದ್ದವು. ಉತ್ತರ, ಪೂರ್ವ, ಪಶ್ಚಿಮ, ಈಶಾನ್ಯ ಜಾಲಗಳು ೨೦೦೬ರ ವೇಳೆಗೆ ಒಂದಾದವು. ದಕ್ಷಿಣ ಮಾತ್ರ ಪ್ರತ್ಯೇಕವಾಗಿತ್ತು. ನಡುವಣ ಕೊಡುಕೊಳ್ಳುವಿಕೆ ಏಕಮುಖ ಪ್ರವಾಹದ ಕೊಂಡಿಗಳ ಮೂಲಕ ನಡೆಯುತ್ತಿತ್ತು. ಮಹಾರಾಷ್ಟ್ರದ ಭದ್ರಾವತಿಯಲ್ಲಿ ಒಂದು ಕೊಂಡಿ. ಇದು ನಮ್ಮ ಭದ್ರಾವತಿಯಲ್ಲ, ಚಂದ್ರಪುರ ಜಿಲ್ಲೆಯದು. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ೨೦೦೩ರಲ್ಲಿ ಇನ್ನೊಂದು. ೯೨ ಮೈಲಿಯ ತಂತಿಯಿಂದ ಹೆಸರಾದ ಕೋಲಾರಕ್ಕೆ ನೂರು ವರ್ಷಗಳ ಮೇಲೆ ೧,೩೦೦ ಕಿಲೋಮೀಟರಿಗೂ ಮೀರಿದ ತಂತಿ ಬಂದು ತಲುಪಿತು. ಅಷ್ಟರಲ್ಲಿ ಚಿನ್ನದ ಗಣಿಗಳು ೨೦೦೧ರಲ್ಲಿಯೇ ಮುಚ್ಚಿದ್ದವು.

೨೦೧೨ರ ಜುಲೈ ೩೦ ಮತ್ತು ೩೧ರಂದು ಉತ್ತರದ ಜಾಲ ಕುಸಿಯಿತು. ಎರಡನೆಯ ದಿನ ಪೂರ್ವ, ಈಶಾನ್ಯಗಳೂ ಅದರೊಡನೆ ಕುಸಿದವು. ಅರವತ್ತು ಕೋಟಿ ಜನರಿರುವ ನಾಡು ಕತ್ತಲಾಯಿತು. ದಕ್ಷಿಣಕ್ಕೆ ಏನೂ ಆಗಲಿಲ್ಲ. ಬೇರೆಯಾಗಿ ಮಿಡಿಯುತ್ತಿದ್ದುದೇ ಅಂದು ನಮ್ಮನ್ನು ಕಾಪಾಡಿತು. ಇದಾಗಿ ಹದಿನೇಳು ತಿಂಗಳಿಗೆ, ೨೦೧೩ರ ಡಿಸೆಂಬರ್ ೩೧ರಂದು, ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ ೭೬೫ ಕಿಲೋವೋಲ್ಟಿನ ತಂತಿಯ ಮೂಲಕ ದಕ್ಷಿಣವೂ ಒಂದೇ ತಾಳಕ್ಕೆ ಸೇರಿತು. ಬರಗಾಲದಲ್ಲಿ ಲಿಂಗನಮಕ್ಕಿ ಬತ್ತಿದರೆ ಉತ್ತರದ ವಿದ್ಯುತ್ತು ಸಲೀಸಾಗಿ ಬರಬಲ್ಲುದು. ಅಂತೆಯೇ ಅಲ್ಲಿಯ ಕೇಡಿನ ಅಲೆಯೂ ಇಲ್ಲಿಗೆ ಬರಬಲ್ಲುದು. ಕೂಡುಕುಟುಂಬದ ಸುಖ ಬೇಕಾದವನು ಅದರ ಸಾಲಕ್ಕೂ ಹೆಗಲು ಕೊಡಬೇಕು. ಅದಕ್ಕಾಗಿಯೇ ಆವರ್ತನವನ್ನು ೪೯.೯೦ರಿಂದ ೫೦.೦೫ರ ನಡುವಿನ ಸಣ್ಣ ಗೆರೆಯೊಳಗೆ ಹಿಡಿದಿಡಬೇಕೆಂಬ ನಿಯಮ ಬಂತು. ಆ ಶಿಸ್ತಿನ ಪರೀಕ್ಷೆ ೨೦೨೦ರ ಏಪ್ರಿಲ್ ೫ರ ರಾತ್ರಿ ಒಂಬತ್ತಕ್ಕೆ ನಡೆಯಿತು. ದೇಶದ ಜನ ಒಂಬತ್ತು ನಿಮಿಷ ದೀಪ ಆರಿಸಿದಾಗ ಬೇಡಿಕೆ ಸುಮಾರು ೩೧,೦೦೦ ಮೆಗಾವ್ಯಾಟಿನಷ್ಟು ಇಳಿದು ಮತ್ತೆ ಏರಿತು. ಜಲವಿದ್ಯುದಾಗಾರಗಳನ್ನು ತಗ್ಗಿಸಿ ಏರಿಸಿ ಜಾಲವನ್ನು ಉಳಿಸಿಕೊಂಡರು.

ಇಲ್ಲಿಯವರೆಗೆ ಹೇಳಿದ್ದು ತಾಳದ ಕಥೆ. ಸ್ಮಾರ್ಟ್ ಗ್ರಿಡ್ ಎಂಬುದು ತಾಳಕ್ಕೆ ಮಾತನ್ನು ಸೇರಿಸುವ ಕೆಲಸ. ಮನೆಯ ಮೀಟರು ಉಪಕೇಂದ್ರಕ್ಕೆ ಲೆಕ್ಕ ಹೇಳಬೇಕು, ಉಪಕೇಂದ್ರ ನಿಯಂತ್ರಣ ಕೇಂದ್ರದೊಡನೆ ಮಾತನಾಡಬೇಕು, ಮಾಡಿನ ಮೇಲಿನ ಸೌರಫಲಕ ಜಾಲದ ನಾಡಿ ಹಿಡಿದು ನಡೆದುಕೊಳ್ಳಬೇಕು. ಒಂದೊಂದು ಕಂಪೆನಿಯ ಯಂತ್ರ ಒಂದೊಂದು ಆಡುಮಾತಿನಲ್ಲಿ ಮಾತನಾಡಿದರೆ ಸಂಸಾರ ನಡೆಯದು. ಆದ್ದರಿಂದ ಉಪಕೇಂದ್ರದ ಯಂತ್ರಗಳ ಮಾತಿಗೆ ಅಂತರರಾಷ್ಟ್ರೀಯ ಆಯೋಗವು ೬೧೮೫೦ ಎಂಬ ಸಂಖ್ಯೆಯ ನಿಯಮಾವಳಿಯನ್ನು ಮಾಡಿತು. ಅಮೆರಿಕವು ೨೦೦೭ರ ಶಾಸನದ ಮೂಲಕ ತನ್ನ ರಾಷ್ಟ್ರೀಯ ಮಾನಕ ಸಂಸ್ಥೆಗೆ ಈ ಹೊಣೆಯನ್ನು ವಹಿಸಿತು. ಭಾರತವು ಸ್ಮಾರ್ಟ್ ಮೀಟರಿಗೆ ೧೬೪೪೪ ಎಂಬ ಮಾನಕವನ್ನು ೨೦೧೫ರಲ್ಲಿ ಹೊರಡಿಸಿತು. ಮೀಟರಿನ ಮಾತಿಗೆ ೧೫೯೫೯ ಎಂಬುದು ಬೇರೆ. ದೇಶದಲ್ಲಿ ಆರಿಸಿದ ಹದಿನಾಲ್ಕು ಪ್ರಯೋಗಗಳಲ್ಲಿ ಒಂದು ಮೈಸೂರು ನಗರದ್ದು. ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟ ಬಳಕೆದಾರರು ಅದರಲ್ಲಿ ಸೇರಿದ್ದರು.

ಕನ್ನಡ ಪಾಠ ಹೇಳುವವನಿಗೆ ಇಲ್ಲಿ ವ್ಯಾಕರಣದ ನೆನಪಾಗದೆ ಇರದು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆಯುವ ಹೊತ್ತಿಗೆ ಕನ್ನಡದ ಮಹಾಕವಿಗಳು ಆಗಿಹೋಗಿದ್ದರು. ಪ್ರಯೋಗ ಮೊದಲು, ಸೂತ್ರ ಆಮೇಲೆ. ವಿದ್ಯುತ್ತಿನ ಮಾನಕಗಳೂ ಹಾಗೆಯೇ ಬಂದವು. ಆದರೆ ಸೂತ್ರ ಬರೆದ ಮೇಲೆ ಲೋಕ ಬೆಳೆಯುತ್ತದೆ. ಸೂತ್ರವೇ ಅಡ್ಡವಾಗುವ ದಿನವೂ ಬರುತ್ತದೆ. ಜರ್ಮನಿಯಲ್ಲಿ ಹೀಗಾಯಿತು. ಆವರ್ತನ ೫೦.೨ ಮುಟ್ಟಿದ ಕೂಡಲೇ ಸೌರಫಲಕಗಳು ಜಾಲದಿಂದ ಕಳಚಿಕೊಳ್ಳಬೇಕೆಂದು ಹಿಂದೆ ನಿಯಮ ಮಾಡಿದ್ದರು. ಫಲಕಗಳು ಬೆರಳೆಣಿಕೆಯಷ್ಟಿದ್ದಾಗ ಅದು ಜಾಣತನ. ಅವು ಲಕ್ಷಗಟ್ಟಲೆಯಾದಾಗ ಎಲ್ಲವೂ ಒಂದೇ ಕ್ಷಣದಲ್ಲಿ ಕಳಚಿದರೆ ಜಾಲವೇ ಬೀಳುವ ಭಯ. ೨೦೧೨ರಿಂದ ಮೂರು ಲಕ್ಷಕ್ಕೂ ಹೆಚ್ಚು ಘಟಕಗಳನ್ನು ತಿದ್ದಬೇಕಾಯಿತು.

ಇನ್ನೊಂದು ಅಪಾಯವೂ ಇದೆ. ಎಲ್ಲರಿಗೂ ತಿಳಿಯುವ ಭಾಷೆ ಕಳ್ಳನಿಗೂ ತಿಳಿಯುತ್ತದೆ. ೨೦೧೬ರ ಡಿಸೆಂಬರಿನಲ್ಲಿ ಉಕ್ರೇನಿನ ಕೀವ್ ನಗರದ ಒಂದು ಭಾಗವನ್ನು ಸುಮಾರು ಒಂದು ಗಂಟೆ ಕತ್ತಲೆಗೆ ತಳ್ಳಿದ ದುಷ್ಟ ತಂತ್ರಾಂಶವು ಬೀಗ ಒಡೆಯುವವನಂತೆ ವರ್ತಿಸಲಿಲ್ಲ. ಅಂತರರಾಷ್ಟ್ರೀಯ ಮಾನಕಗಳ ಶುದ್ಧ ಭಾಷೆಯಲ್ಲಿಯೇ ‘ತೆರೆ’ ಎಂದು ಸ್ವಿಚ್ಚುಗಳಿಗೆ ಆಜ್ಞೆ ಕೊಟ್ಟಿತು. ಅವು ವಿಧೇಯವಾಗಿ ತೆರೆದುಕೊಂಡವು. ಆಡುವವನು ಯಾರೆಂದು ಕೇಳದೆ ಬರಿಯ ವ್ಯಾಕರಣಶುದ್ಧಿಯನ್ನೇ ನೋಡಿ ಒಪ್ಪುವ ಸಭೆಗೆ ಇಂಥ ಕಷ್ಟ ತಪ್ಪಿದ್ದಲ್ಲ. ಆಡುವವನ ಗುರುತನ್ನು ಪರೀಕ್ಷಿಸುವ ನಿಯಮಗಳು ಬೇರೆಯಾಗಿ ಇವೆ; ಅವುಗಳನ್ನು ಅಳವಡಿಸುವ ಖರ್ಚನ್ನು ಉಳಿಸಬಾರದು.

ಹಾಗೆಂದು ಸಮಾನವಾದ ಅಳತೆ ಬೇಡವೆನ್ನಲಾದೀತೇ? ಆಗದು. ಸಮಾನ ಅಳತೆಯಿಲ್ಲದಲ್ಲಿ ಬಲವುಳ್ಳವನ ಅಳತೆ ನಡೆಯುತ್ತದೆ. ಗೇಣಿ ಅಳೆಯುವ ಸೇರು ಒಂದು, ಸಾಲ ಕೊಡುವ ಸೇರು ಇನ್ನೊಂದು ಎಂದು ನಮ್ಮ ಹಿರಿಯರು ಆಡಿಕೊಂಡದ್ದು ಸುಮ್ಮನೆ ಅಲ್ಲ. ಒಂದೇ ಕಂಪೆನಿಗೆ ಮಾತ್ರ ಅರ್ಥವಾಗುವ ಮೀಟರನ್ನು ಊರಿಗೆಲ್ಲ ಹಾಕಿಸಿಕೊಂಡರೆ, ನಾಳೆ ಆ ಕಂಪೆನಿ ಹೇಳಿದ್ದೇ ಬೆಲೆ. ತೆರೆದ ಮಾನಕವಿದ್ದರೆ ಒಡೆದ ಹಂಚಿನ ಜಾಗಕ್ಕೆ ಬೇರೆಯವರ ಹಂಚನ್ನು ತರಬಹುದು.

ಆದರೆ ಆ ಮಾನಕವನ್ನು ಬರೆಯುವ ಮೇಜಿನ ಸುತ್ತ ನಮ್ಮವರೂ ಕುಳಿತಿರಬೇಕು. ೧೯೦೨ರಲ್ಲಿ ಮೈಸೂರಿಗೆ ಆಯ್ಕೆಯಿರಲಿಲ್ಲ. ಯಂತ್ರ ಬಂದ ದಾರಿಯಲ್ಲಿಯೇ ತಾಳವೂ ಬಂತು. ಇಂದು ಹಾಗಿಲ್ಲ. ಭಾರತಕ್ಕೆ ಆಯೋಗದಲ್ಲಿ ಸ್ಥಾನವಿದೆ. ೧೯೬೦ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿಯೇ ಇದೆ. ನಮ್ಮ ನಾಲ್ಕು ಜಿಲ್ಲೆಗಳಿಗೆ ವಿದ್ಯುತ್ತು ಹಂಚುವ ಮೆಸ್ಕಾಂ ೨೦೦೨ರಿಂದ ಮಂಗಳೂರಿನಿಂದಲೇ ಕೆಲಸ ಮಾಡುತ್ತಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ, ಮೂರು ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆಯಲ್ಲಿ, ಸಿಡಿಲಿನ ಬಡಿತದಲ್ಲಿ ಮೀಟರೊಂದು ಹೇಗೆ ಬಾಳುತ್ತದೆಂಬುದನ್ನು ಜಿನೀವಾದಲ್ಲಿ ಕುಳಿತವರಿಗಿಂತ ನಮ್ಮ ಲೈನ್‌ಮನ್ನರು ಚೆನ್ನಾಗಿ ಬಲ್ಲರು. ಅವರು ಬಲ್ಲುದು ಕಡತವೇರಿ ಮೇಜಿನವರೆಗೆ ಹೋಗಬೇಕು. ಅರ್ಧ ಗಂಟೆಗೊಮ್ಮೆ ಮನೆಯ ಬಳಕೆಯನ್ನು ಬರೆದಿಡುವ ಮೀಟರು, ಮನೆಯವರು ಯಾವಾಗ ಏಳುತ್ತಾರೆ, ಯಾವಾಗ ಮನೆ ಬೀಗ ಹಾಕಿರುತ್ತದೆ ಎಂಬುದನ್ನೂ ಹೇಳಬಲ್ಲುದು. ಆ ಲೆಕ್ಕ ಯಾರ ಕೈಯಲ್ಲಿರಬೇಕೆಂಬುದು ಇಂಜಿನಿಯರರಿಗೆ ಮಾತ್ರ ಬಿಡುವ ಪ್ರಶ್ನೆಯಲ್ಲ. ಈ ಚರ್ಚೆ ನಡೆಯುವುದೆಲ್ಲ ಇಂಗ್ಲಿಷಿನಲ್ಲಿ. ಬಿಲ್ಲು ಮಾತ್ರ ಕನ್ನಡದಲ್ಲಿ ಬರುತ್ತದೆ.

ಈಗ ನಮ್ಮ ಬೀದಿಯಲ್ಲಿ ಹಂಚಿನ ಮಾಡಿನ ಮೇಲೆ ಸೌರಫಲಕ ಕೂರಿಸಿದ ಮನೆಗಳು ಒಂದೊಂದಾಗಿ ಕಾಣುತ್ತಿವೆ. ಕೆಳಗೆ ಪಕ್ಕಾಸಿನ ಮೇಲೆ ೬೫೪ನೆಯ ಮಾನಕ, ಮೇಲೆ ಹೊಸ ಮಾನಕಗಳು. ಕೆಳಗಿನದನ್ನು ಬರೆದಾಗ ಮಂಗಳೂರಿನ ಹೆಸರು ಅದರಲ್ಲಿ ಸೇರಿತ್ತು. ಮೇಲಿನದನ್ನು ಬರೆಯುವಾಗಲೂ ಇಲ್ಲಿಯ ಮಳೆಯನ್ನು ಬಲ್ಲವರ ಮಾತು ಅದರಲ್ಲಿ ಸೇರಲಿ.